ದುಃಖದ ಪಟ್ಟಿಯಿಂದ ನಾನು ಇಳಿಸಿದ ಊರು

ರಾಜ್ಯದ ಅತ್ಯಂತ ದುಃಖಿ ಊರುಗಳ ಪಟ್ಟಿ ಮಾಡಿಕೊಡಬೇಕು ಎಂಬ ಕೆಲಸ ನಮ್ಮ ಕಚೇರಿಗೆ ಬಂದ ದಿನ ನಾನು ನಕ್ಕುಬಿಟ್ಟೆ. ಊರೆಂದರೆ ಮನುಷ್ಯರೇ ತಾನೆ, ಒಂದು ದಿನ ಅಳುತ್ತಾರೆ, ಒಂದು ದಿನ ನಗುತ್ತಾರೆ, ಅದಕ್ಕೆಲ್ಲ ನಂಬರು ಹಚ್ಚುವುದುಂಟೇ ಎಂದು ಮುಖ್ಯಸ್ಥರ ಎದುರಿಗೇ ಅಂದೆ. ನನ್ನ ಬಾಯಿ ಇರುವುದೇ ಹಾಗೆ. ಧಾರವಾಡದಲ್ಲಿ ಇಷ್ಟು ವರ್ಷ ಕಳೆದರೂ ತಾಳಿಕೋಟೆಯ ಖಾರ ಹೋಗಿಲ್ಲ. ಮುಖ್ಯಸ್ಥರು ತುಮಕೂರಿನವರು, ತಾಳ್ಮೆಯ ಮನುಷ್ಯ. ಅಳು, ನಗು ನಮಗೆ ಬೇಡ, ಅಂಕಿಗಳಿವೆಯಲ್ಲ, ಅವನ್ನು ಕೂಡಿಸಿಕೊಟ್ಟರೆ ಸಾಕು ಎಂದರು.

ನಮ್ಮದು ಆರು ಜನರ ಸಣ್ಣ ಕಚೇರಿ. ಬೇರೆಯವರು ಕಲೆಹಾಕಿದ ಅಂಕಿಗಳನ್ನು ತಂದು, ಸೋಸಿ, ಕೋಷ್ಟಕ ಮಾಡಿಕೊಡುವುದು ನಮ್ಮ ಹೊಟ್ಟೆಪಾಡು. ಈ ಪಟ್ಟಿ ಕೇಳಿದವರು ಇಬ್ಬರು. ಒಂದು, ಅದನ್ನು ಅಚ್ಚು ಹಾಕಲಿದ್ದ ಪತ್ರಿಕೆ. ಇನ್ನೊಂದು, ಒಂದು ದತ್ತಿ ಸಂಸ್ಥೆ. ಪಟ್ಟಿಯಲ್ಲಿ ಮೇಲಿರುವ ಹತ್ತು ಊರುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಹಸುಗೂಸುಗಳ ಆರೈಕೆಗೆ ಒಂದು ಕೋಣೆ ಕಟ್ಟಿಸಿ, ಅಲ್ಲಿಗೊಬ್ಬ ಮಕ್ಕಳ ಡಾಕ್ಟರನ್ನು ಕೊಡುವುದು ಅವರ ಯೋಜನೆ. ಪತ್ರಿಕೆಗೆ ತಲೆಬರಹ ಬೇಕಿತ್ತು, ದತ್ತಿಯವರಿಗೆ ವಿಳಾಸ ಬೇಕಿತ್ತು. ಇದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು. ಗೊತ್ತಿದ್ದೂ ಮುಂದಿನದನ್ನೆಲ್ಲ ಮಾಡಿದೆ.

ಕೆಲಸ ಹೀಗಿತ್ತು. ಪ್ರತಿಯೊಂದು ತಾಲೂಕು ಪಟ್ಟಣಕ್ಕೂ ಒಂದು ಸಾಲು. ಅಡ್ಡಡ್ಡಕ್ಕೆ ಕಲಂಗಳು: ಕೆಲಸವಿಲ್ಲದವರು, ನಡುವೆ ಓದು ಬಿಟ್ಟವರು, ದುಡಿಯುವ ಒಬ್ಬರ ಮೇಲೆ ಉಣ್ಣುವವರು ಎಷ್ಟು ಮಂದಿ, ಬೀಗ ಬಿದ್ದ ಮನೆಗಳು, ವರ್ಷ ತುಂಬುವ ಮೊದಲೇ ತೀರಿಕೊಂಡ ಮಕ್ಕಳು. ಒಂದೊಂದರ ಅಳತೆ ಒಂದೊಂದು ಬಗೆ. ಜೋಳವನ್ನೂ ಎಣ್ಣೆಯನ್ನೂ ಒಂದೇ ಸೇರಿನಲ್ಲಿ ಅಳೆಯಲು ಬರುವುದಿಲ್ಲ. ಹಾಗಾಗಿ ಪ್ರತಿ ಕಲಮಿನಲ್ಲೂ ಎಲ್ಲಕ್ಕಿಂತ ಕೆಟ್ಟದಾಗಿರುವ ಊರಿಗೆ ನೂರು, ಎಲ್ಲಕ್ಕಿಂತ ಚೆನ್ನಾಗಿರುವ ಊರಿಗೆ ಸೊನ್ನೆ, ಉಳಿದವಕ್ಕೆ ನಡುವಿನ ಅಂಕ ಕೊಟ್ಟೆವು. ಆಮೇಲೆ ಯಾವ ಕಲಮಿಗೆ ಎಷ್ಟು ತೂಕ ಎಂದು ಕೂತು ವಾದ ಮಾಡಿದೆವು. ಸತ್ತ ಮಕ್ಕಳ ಕಲಮಿಗೇ ಎಲ್ಲಕ್ಕಿಂತ ಹೆಚ್ಚು ತೂಕ ಇರಲಿ ಎಂದು ದತ್ತಿಯವರು ಕೇಳಿದ್ದರು. ಅದರಲ್ಲಿ ಯಾರಿಗೂ ತಕರಾರಿರಲಿಲ್ಲ.

ಮೊದಲ ಸಲ ಲೆಕ್ಕ ಓಡಿಸಿದಾಗ ಪರದೆಯ ಮೇಲೆ ಬಂದ ಮೊದಲ ಪುಟ ನೋಡಿ ನನಗೆ ರೇಗಿತು. ನಮ್ಮ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ಅಲ್ಲೇ ಕೂತಿದ್ದವು. ನಾನು ಹುಟ್ಟಿದ ತಾಳಿಕೋಟೆ ಮೊನ್ನೆ ಮೊನ್ನೆಯವರೆಗೆ ಮುದ್ದೇಬಿಹಾಳಕ್ಕೇ ಸೇರಿತ್ತು. ನನ್ನ ಗಂಡನ ಮನೆ ಇಂಡಿ ಕಡೆ. ಪಕ್ಕದ ಮೇಜಿನ ಸಹೋದ್ಯೋಗಿ ಇಣುಕಿ ನೋಡಿ, ಓಹೋ ಮೇಡಂ, ನಿಮ್ಮ ಬಳಗವೇ ಬಂದುಬಿಟ್ಟಿದೆ, ಅದಕ್ಕೇ ನೀವು ಯಾವಾಗಲೂ ಸಿಟ್ಟಿನಲ್ಲಿರುತ್ತೀರಿ ಎಂದು ಚೇಷ್ಟೆ ಮಾಡಿದ. ನಾಲ್ಕು ಜನ ನಕ್ಕರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ನಮ್ಮ ಕಡೆಯವರು ಎಷ್ಟು ಚೆನ್ನಾಗಿದ್ದಾರೆ ಎಂದು ನಾನು ಅರ್ಧ ಗಂಟೆ ಭಾಷಣ ಬಿಗಿದೆ. ಕೊನೆಗೆ ಮುಖ್ಯಸ್ಥರ ಬಳಿ ಹೋಗಿ, ಒಮ್ಮೆ ಸ್ಥಳಕ್ಕೆ ಹೋಗಿ ಪರಿಶೀಲಿಸದೆ ಇದನ್ನು ಕೊಡಬಾರದು, ಎಂಟು ದಿನ ನನಗೆ ಬಿಡಿ ಎಂದೆ. ಪರಿಶೀಲನೆ ಎನ್ನುವುದು ಬಾಯಿಮಾತು. ತಪ್ಪು ಹುಡುಕಿ ನಾಲ್ಕನ್ನೂ ಆ ಪುಟದಿಂದ ಕೆಳಗಿಳಿಸುವುದು ನನ್ನ ಹಟವಾಗಿತ್ತು.

ಮೊದಲು ಬಸವನ ಬಾಗೇವಾಡಿಗೆ ಹೋದೆ. ಅಲ್ಲಿ ಬೀಗ ಬಿದ್ದ ಮನೆಗಳು ವಿಪರೀತ ಎಂದು ಕಾಗದ ಹೇಳುತ್ತಿತ್ತು. ಎರಡು ಓಣಿ ತಿರುಗುವಷ್ಟರಲ್ಲಿ ಗುಟ್ಟು ತಿಳಿಯಿತು. ಸುತ್ತಲಿನ ಮಸೂತಿ ಮೊದಲಾದ ಹಳ್ಳಿಗಳ ರೈತರು ಮಕ್ಕಳ ಶಾಲೆಗೆಂದು ಪಟ್ಟಣದಲ್ಲಿ ಒಂದು ಖೋಲಿ ಬಾಡಿಗೆ ಹಿಡಿದಿರುತ್ತಾರೆ. ರಜೆ ಬಂದರೆ ಬೀಗ ಜಡಿದು ಹಳ್ಳಿಗೆ ಹೋಗುತ್ತಾರೆ. ಎಣಿಸುವವರು ರಜೆಯಲ್ಲಿ ಬಂದಿದ್ದರು. ಇಂಡಿಯಲ್ಲಿ ಕೆಲಸವಿಲ್ಲದವರು ಎಂದು ಬರೆದುಕೊಂಡಿದ್ದ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ನಿಂಬೆಹಣ್ಣು ಆರಿಸುತ್ತ ಕೂತಿದ್ದರು. ನೀವೇನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ, ಏನಿಲ್ರಿ, ಮನ್ಯಾಗ ಇರ್ತೇವಿ ಎನ್ನುವುದು ಅವರ ಅಭ್ಯಾಸ. ಇವನ್ನೆಲ್ಲ ಬರೆದುಕೊಂಡೆ. ಸಿಂದಗಿಯಲ್ಲಿ ಎರಡು ದಿನ ಅಲೆದರೂ ಒಂದು ತಪ್ಪೂ ಸಿಗಲಿಲ್ಲ, ಅದಕ್ಕೆ ಸಿಂದಗಿಯ ಮೇಲೆಯೇ ಸಿಟ್ಟು ಮಾಡಿಕೊಂಡು ಬಸ್ಸು ಹತ್ತಿದೆ. ಮುದ್ದೇಬಿಹಾಳದಲ್ಲಿ ಅತ್ತೆಯ ಮನೆಯಲ್ಲಿ ಉಳಿದೆ, ನಮ್ಮಪ್ಪನ ತಂಗಿ. ರೊಟ್ಟಿ ಬಡಿಯುತ್ತ ಕೂತಿದ್ದ ಆಕೆ ನನ್ನ ಕೆಲಸ ಏನೆಂದು ವಿಚಾರಿಸಿದಳು. ಹೇಳಿದೆ.

"ಯಾರ ಮನ್ಯಾಗ ಎಷ್ಟ ಅಳ್ತಾರ ಅಂತ ಬರಕೊಳ್ಳಾಕೂ ಪಗಾರ ಕೊಡ್ತಾರೇನ ನಿಮಗ?" ಎಂದಳು.

ಕೊಡುತ್ತಾರೆ ಎಂದೆ. ಆಕೆ ಇನ್ನೊಂದು ರೊಟ್ಟಿ ಹಾಕಿದಳು.

ಸಣ್ಣ ಸಣ್ಣ ತಿದ್ದುಪಡಿಗಳಿಂದ ಹೆಚ್ಚೇನೂ ಆಗುವುದಿಲ್ಲ ಎಂದು ನನಗೆ ತಿಳಿದಿತ್ತು. ಪಟ್ಟಿಯನ್ನು ಎಳೆಯುತ್ತಿದ್ದುದು ಸತ್ತ ಮಕ್ಕಳ ಕಲಮು. ಅದರ ಮೂಲ ಆಸ್ಪತ್ರೆಗಳಲ್ಲಿತ್ತು. ನಾಲ್ಕರಲ್ಲಿ ಒಂದು ಊರಿನ ಆಸ್ಪತ್ರೆಗೆ ಹೋದೆ. ಯಾವ ಊರು ಎಂದು ಹೇಳುವುದಿಲ್ಲ, ಅಲ್ಲಿಯ ಸಿಸ್ಟರ್ ಇನ್ನೂ ಕೆಲಸದಲ್ಲಿದ್ದಾರೆ.

ಸಿಸ್ಟರಿಗೆ ಐವತ್ತರ ಹತ್ತಿರ ವಯಸ್ಸು. ಹೆರಿಗೆ ವಿಭಾಗದ ಜವಾಬ್ದಾರಿ ಅವರದು. ಪಟ್ಟಿಯ ವಿಷಯ, ದತ್ತಿಯ ವಿಷಯ ಎಲ್ಲ ಅವರಿಗೆ ಗೊತ್ತಿತ್ತು. ಮಾಹಿತಿ ಕೇಳಿ ಪತ್ರ ಬಂದಾಗ ಅದಕ್ಕೆ ಉತ್ತರ ಬರೆದವರೇ ಅವರು. ನಾನು ಹೇಳುವ ಮೊದಲೇ ದಾಖಲೆ ಪುಸ್ತಕ ತಂದು ಮುಂದಿಟ್ಟರು. ಅಂಥ ಪುಸ್ತಕವನ್ನು ನಾನು ಈ ಕೆಲಸದಲ್ಲಿ ಬೇರೆಲ್ಲೂ ನೋಡಿಲ್ಲ. ಹುಟ್ಟಿದ ಹೊತ್ತು, ತೂಕ, ಅತ್ತಿತೋ ಇಲ್ಲವೋ, ಎಷ್ಟು ಹೊತ್ತಿಗೆ ದೊಡ್ಡಾಸ್ಪತ್ರೆಗೆ ಕಳಿಸಿದ್ದು, ದಾರಿಯಲ್ಲಿ ಏನಾಯಿತು, ಎಲ್ಲವನ್ನೂ ನೀಟಾದ ಅಕ್ಷರದಲ್ಲಿ ಬರೆದಿದ್ದರು. ಬೇರೆ ಕಡೆ ಇಂಥ ಎಷ್ಟೋ ಕೂಸುಗಳು ಪುಸ್ತಕಕ್ಕೆ ಏರುವುದೇ ಇಲ್ಲ. ಇವರು ಒಂದನ್ನೂ ಬಿಟ್ಟಿರಲಿಲ್ಲ.

ಪುಟ ತಿರುವುತ್ತ ಹೋದ ಹಾಗೆ ನನಗೆ ಒಂದು ವಿಷಯ ಹೊಳೆಯಿತು. ತಾಯಂದಿರಲ್ಲಿ ಹೆಚ್ಚಿನವರು ಚೊಚ್ಚಲ ಬಸುರಿಯರು. ವಿಳಾಸದ ಜಾಗದಲ್ಲಿ ಇದೇ ಊರಿನ ಓಣಿಗಳು, ಸುತ್ತಲಿನ ಹಳ್ಳಿಗಳು. ಆದರೆ ಗಂಡನ ಅಡ್ಡಹೆಸರಿನ ಪಕ್ಕದಲ್ಲಿ ಸಿಸ್ಟರ್ ಪೆನ್ಸಿಲಿನಲ್ಲಿ ಸಣ್ಣಗೆ ಅವನ ಊರನ್ನೂ ಬರೆದಿಟ್ಟಿದ್ದರು. ಕಲಬುರಗಿ ಕಡೆ, ಸೋಲಾಪುರ ಕಡೆ, ಜಮಖಂಡಿ, ಸುರಪುರ, ಇನ್ನೂ ಎಲ್ಲೆಲ್ಲಿಯದೋ.

ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನದು. ಕುಬಸ ಮಾಡಿ, ಮಡಿಲು ತುಂಬಿ, ಬುತ್ತಿ ಕಟ್ಟಿಕೊಂಡು ಮಗಳನ್ನು ಕರೆತರುತ್ತಾರೆ. ಹಿಂದೂಗಳಾಗಲಿ ಮುಸ್ಲಿಮರಾಗಲಿ ಇದರಲ್ಲಿ ಭೇದವಿಲ್ಲ. ನನ್ನ ಮಗಳು ಹುಟ್ಟಿದ್ದೂ ತಾಳಿಕೋಟೆಯಲ್ಲೇ, ಗಂಡನ ಊರಿನ ಲೆಕ್ಕದಲ್ಲಿ ಅವಳಿಲ್ಲ. ಅಂದರೆ ಈ ಊರು ತನ್ನ ಮಕ್ಕಳ ಸಾವನ್ನು ಮಾತ್ರವಲ್ಲ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹತ್ತು ಊರಿನ ಸಾವನ್ನೂ ಹೊತ್ತುಕೊಂಡಿತ್ತು. ಮದುವೆಯಾದ ಹೆಣ್ಣು ಎಲ್ಲಿ ಕಾಯಂ ವಾಸವೋ ಆ ಊರಿಗೆ ಕೂಸಿನ ಲೆಕ್ಕ ಹೋಗಬೇಕು ಎಂಬುದು ನಮ್ಮ ಅಂಕಿಅಂಶ ಶಾಸ್ತ್ರದ ಪಾಠ. ನನಗೆ ತಪ್ಪು ಸಿಕ್ಕಿತ್ತು. ನಾಚಿಕೆಯಾದರೂ ಹೇಳುತ್ತೇನೆ, ಸತ್ತ ಕೂಸುಗಳ ಪುಟವನ್ನು ತೊಡೆಯ ಮೇಲಿಟ್ಟುಕೊಂಡು ನಾನು ಖುಷಿಪಟ್ಟೆ.

ಖುಷಿಯಲ್ಲೇ ಸಿಸ್ಟರಿಗೆ ವಿವರಿಸಿದೆ. ನಿಮ್ಮೂರಿನ ಮೇಲೆ ಸುಮ್ಮನೆ ಕೆಟ್ಟ ಹೆಸರು ಬಂದಿದೆ, ಇವನ್ನೆಲ್ಲ ಆಯಾ ಗಂಡಂದಿರ ಊರಿಗೆ ಹಂಚಿಬಿಡುತ್ತೇನೆ, ನಿಮ್ಮೂರು ಪಟ್ಟಿಯಿಂದ ಹೊರಗೆ ಬೀಳುತ್ತದೆ ಎಂದೆ. ಅವರು ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಅವರು ಕುರ್ಚಿ ಎಳೆದುಕೊಂಡು ಎದುರು ಕೂತರು.

"ಅಕ್ಕಾರ, ಒಂದ್ ಮಾತ ಕೇಳ್ರಿ. ಹುಡುಗಿ ಹಡಿಯಾಕ ಬರೂದು ಇಲ್ಲಿಗೆ. ಮುಂದಿನ ವರ್ಷ ಇನ್ನೊಬ್ಬಾಕಿ ಬರ್ತಾಳ, ಆಕೀನೂ ಇಲ್ಲಿಗೇ ಬರ್ತಾಳ. ನೀವು ಲೆಕ್ಕಾ ಒಯ್ದು ಗಂಡನ ಊರಿಗೆ ಹಾಕಿದ್ರ ಡಾಕ್ಟರೂ ಅಲ್ಲಿಗೇ ಹೋಗ್ತಾನ. ಹಡಿಯಾಕಿ ಇಲ್ಲಿ, ಡಾಕ್ಟರ ಅಲ್ಲಿ. ಎತ್ತಿಗೆ ಜ್ವರಾ ಬಂದ್ರ ಎಮ್ಮಿಗೆ ಬರಿ ಕೊಟ್ಟಂಗ ಆತ್ರಿ ಇದು."

ನಿಯಮ ಇರುವುದು ಹಾಗೆ ಎಂದೆ. ಅವರು, ನಿಯಮ ನಿಮಗೆ ಗೊತ್ತು, ನನಗೆ ಗೊತ್ತಿಲ್ಲ, ಆದರೆ ಒಂದು ಕೂಸು ಉಸಿರಾಡದೆ ಹುಟ್ಟಿದರೆ ವಿಜಯಪುರ ಮುಟ್ಟುವ ತನಕ ಅದರ ಮೂಗಿಗೆ ಗಾಳಿ ಒತ್ತುತ್ತಾ ಹೋಗುವವಳು ನಾನು ಎಂದರು. ಪಟ್ಟಿಯಲ್ಲಿ ನಮ್ಮೂರ ಹೆಸರು ಮೇಲೆಯೇ ಇರಲಿ ಬಿಡಿ, ಹೆಸರು ಕೆಟ್ಟರೆ ಕೆಡಲಿ ಎಂದರು. ಊರಿನ ಮಾನದ ಬಗ್ಗೆ ನಾನು ಏನೋ ಹೇಳಿದೆ. ಅವರು, ಬೇಕಾದರೆ ಒಬ್ಬ ತಾಯಿಯನ್ನಾದರೂ ಕಂಡು ಹೋಗಿ ಎಂದು ಒಂದು ಮನೆಯ ಗುರುತು ಹೇಳಿದರು.

ಆ ಮನೆಗೆ ಹೋದೆ. ಆಸ್ಪತ್ರೆಯಿಂದ ನಡೆದು ಹೋಗುವಷ್ಟು ದೂರ. ಹುಡುಗಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ. ತಲೆಗೆ ಬಿಗಿಯಾಗಿ ವಸ್ತ್ರ ಕಟ್ಟಿಕೊಂಡು, ಕಿವಿಯಲ್ಲಿ ಹತ್ತಿ ಇಟ್ಟುಕೊಂಡು, ಬಾಣಂತಿಯ ಎಲ್ಲ ಪಥ್ಯದಲ್ಲಿ ಕೂತಿದ್ದಳು. ತೊಟ್ಟಿಲು ಮಾತ್ರ ಇರಲಿಲ್ಲ. ಕೂಸು ನಾಲ್ಕು ದಿನ ಇತ್ತು. ಐದನೆಯ ದಿನ ಶೆಟಿಗೆವ್ವ ಬಂದು ಹಣೆಬರಹ ಬರೆಯುತ್ತಾಳೆಂದು ಪೂಜೆಗೆ ಹಾಳೆ, ಪೆನ್ನು ತಂದಿಟ್ಟುಕೊಂಡಿದ್ದರು, ಅಷ್ಟರಲ್ಲಿ ಹೋಯಿತು ಎಂದು ಅವಳ ತಾಯಿ ಹೇಳಿದಳು. ನಾನು ನನ್ನ ಕಾಗದ ತೆಗೆದು, ಕಾಯಂ ವಾಸ ಎಲ್ಲಿ, ಗಂಡನ ಊರಿಗೆ ಯಾವ ತಾಲೂಕು ಎಂದು ಕೇಳಿದೆ. ಹುಡುಗಿ ಮೊದಲ ಸಲ ಮುಖ ಎತ್ತಿದಳು.

"ಅಲ್ಲೆ ಬರೀಬ್ಯಾಡ್ರಿ. ಅಲ್ಲೆ ಅದನ್ನ ಯಾರೂ ನೋಡಿಲ್ಲ. ಅವರು ತೊಟ್ಟಿಲಕ್ಕ ಬರೋರಿದ್ರು. ಇಲ್ಲೇ ಹುಟ್ತು, ಇಲ್ಲೇ ಹೋತು, ಇಲ್ಲೇ ಮಣ್ಣ ಮಾಡೇವಿ. ಇಲ್ಲೇ ಇರ್ಲಿ ಬಿಡ್ರಿ."

ಆದರೂ ಗಂಡನ ಊರಿನ ಹೆಸರು ಬರೆದುಕೊಂಡೇ ಎದ್ದೆ.

ಕಚೇರಿಗೆ ಮರಳಿ ಒಂದು ವಾರ ಫೋನಿನಲ್ಲಿ ತೆಗೆದುಕೊಂಡಿದ್ದ ಆ ಪುಸ್ತಕದ ಪುಟಗಳ ಚಿತ್ರಗಳನ್ನು ಎದುರಿಟ್ಟುಕೊಂಡು ಕೂತೆ. ಉಳಿದ ಮೂರು ಊರುಗಳ ಆಸ್ಪತ್ರೆಗಳಿಂದಲೂ ಗಂಡನ ಊರಿನ ವಿವರ ತರಿಸಿಕೊಂಡೆ. ಮುಖ್ಯಸ್ಥರು ಕರೆದು ಎರಡು ದಾರಿಗಳನ್ನು ಮುಂದಿಟ್ಟರು. ಸಾವು ಆದ ಸ್ಥಳಕ್ಕೆ ಲೆಕ್ಕ ಹಾಕುವುದು ಒಂದು, ಕಾಯಂ ವಾಸದ ಸ್ಥಳಕ್ಕೆ ಹಾಕುವುದು ಇನ್ನೊಂದು. ಎರಡಕ್ಕೂ ಸಮರ್ಥನೆ ಇದೆ, ಊರು ನೋಡಿ ಬಂದವರು ನೀವು, ನೀವೇ ಹೇಳಿ ಎಂದರು. ಸಿಸ್ಟರು ಹೇಳಿದ್ದು ನೆನಪಿತ್ತು, ಹುಡುಗಿಯ ಮಾತೂ ನೆನಪಿತ್ತು. ಪಕ್ಕದ ಮೇಜಿನವನ ನಗೆಯೂ ನೆನಪಿತ್ತು. ನಾನು ಕಾಯಂ ವಾಸ ಎಂದೆ. ಒಂದೂವರೆ ಪುಟದ ಟಿಪ್ಪಣಿ ಬರೆದು, ತವರಿನ ಹೆರಿಗೆಯ ಪದ್ಧತಿಯನ್ನು ವಿವರಿಸಿ ಸಹಿ ಹಾಕಿದೆ. ಇಂಥ ಸೂಕ್ಷ್ಮ ನಿಮಗಲ್ಲದೆ ಬೇರೆಯವರಿಗೆ ಹೊಳೆಯುತ್ತಿರಲಿಲ್ಲ ಎಂದು ಮುಖ್ಯಸ್ಥರು ಮೆಚ್ಚಿಕೊಂಡರು.

ಹಂಚುವುದು ಸುಲಭವಾಗಲಿಲ್ಲ. ಪೆನ್ಸಿಲಿನಲ್ಲಿ ಬರೆದ ಊರುಗಳಲ್ಲಿ ಕೆಲವಕ್ಕೆ ತಾಲೂಕಿನ ಹೆಸರಿರಲಿಲ್ಲ, ಒಂದೇ ಹೆಸರಿನ ಹಳ್ಳಿ ಮೂರು ತಾಲೂಕುಗಳಲ್ಲಿತ್ತು. ಕೆಲವು ಮಹಾರಾಷ್ಟ್ರದವು, ನಮ್ಮ ಪಟ್ಟಿಗೆ ಬರುವಂತಿಲ್ಲ. ಇನ್ನು ಕೆಲವು ಕಡೆ ಬರೀ ಪುಣೆ ಕಡೆ ಎಂದಷ್ಟೇ ಇತ್ತು. ಸಿಕ್ಕವನ್ನು ಹಂಚಿದೆ. ಸಿಗದವನ್ನು 'ವಿಳಾಸ ಸ್ಪಷ್ಟವಿಲ್ಲ' ಎಂದು ಬೇರೆ ಹಾಳೆಗೆ ತೆಗೆದಿಟ್ಟೆ. ಆ ಹಾಳೆ ಲೆಕ್ಕಕ್ಕೆ ಸೇರಲಿಲ್ಲ. ಹಂಚುವ ಮೊದಲಿನ ಮೊತ್ತಕ್ಕೂ ಹಂಚಿದ ಮೇಲಿನ ಮೊತ್ತಕ್ಕೂ ತಾಳೆಯಾಗಬೇಕು ಎಂಬುದು ನಮ್ಮಲ್ಲಿ ಹೊಸಬರಿಗೆ ಕಲಿಸುವ ಮೊದಲ ಪಾಠ. ತಾಳೆಯಾಗಲಿಲ್ಲ. ಆ ವ್ಯತ್ಯಾಸ ಎಂದರೆ ಕೂಸುಗಳು. ಅಡಿಟಿಪ್ಪಣಿಯಲ್ಲಿ ಒಂದು ಸಾಲು ಬರೆದು ಮುಂದೆ ಹೋದೆ.

ಲೆಕ್ಕ ಮತ್ತೆ ಓಡಿಸಿದಾಗ ನಾಲ್ಕು ಊರುಗಳೂ ಮೊದಲ ಪುಟದಿಂದ ಇಳಿದಿದ್ದವು. ನಾನು ಎಲ್ಲರಿಗೂ ಮಿರ್ಚಿಭಜಿ, ಚಹಾ ತರಿಸಿದೆ. ಪತ್ರಿಕೆಯಲ್ಲಿ ಪಟ್ಟಿ ಬಂದ ದಿನ ಮುದ್ದೇಬಿಹಾಳದ ಅತ್ತೆಗೆ ಫೋನು ಮಾಡಿ, ನಿಮ್ಮೂರು ದುಃಖಿ ಊರಲ್ಲ ಎಂದು ನಾನೇ ಸಾಬೀತು ಮಾಡಿದೆ ನೋಡು ಎಂದೆ. ಆಕೆಗೆ ಅರ್ಥವಾದಂತೆ ಕಾಣಲಿಲ್ಲ. ಉಂಡೆಯಾ ಎಂದು ಕೇಳಿದಳು.

ಕೆಲವು ತಿಂಗಳ ನಂತರ ದತ್ತಿಯವರು ಹತ್ತು ಊರುಗಳನ್ನು ಆರಿಸಿದರು. ಎಲ್ಲವೂ ಬೇರೆ ಜಿಲ್ಲೆಗಳವು. ನಾನು ಹಂಚಿದ ಸಾವುಗಳು ಯಾವ ಗಂಡನ ಊರನ್ನೂ ಮೇಲಕ್ಕೆ ಎತ್ತಿರಲಿಲ್ಲ. ಒಂದು ಅಲ್ಲಿ, ಎರಡು ಇಲ್ಲಿ ಎಂದು ಅಷ್ಟು ತಾಲೂಕುಗಳಿಗೆ ಚೆದುರಿದ ಮೇಲೆ ಎಲ್ಲಿಯೂ ಕಣ್ಣಿಗೆ ಬೀಳುವಷ್ಟು ಉಳಿದಿರಲಿಲ್ಲ. ಒಂದು ಕಡೆ ಗುಡ್ಡೆಯಾಗಿ ಬಿದ್ದಿದ್ದಾಗ ಯಾರಾದರೂ ನೋಡುತ್ತಿದ್ದರು. ನಾನು ಅದನ್ನು ಗುಡಿಸಿ ಹತ್ತು ಮೂಲೆಗೆ ಸರಿಸಿದ್ದೆ.

ಮುಖ್ಯಸ್ಥರ ಹತ್ತಿರ ಹೋಗಿ ತಪ್ಪಾಯಿತು ಎಂದೆ. ಲೆಕ್ಕ ಸರಿಯಾಗಿಯೇ ಇದೆಯಲ್ಲ ಎಂದರು ಅವರು. ಡಾಕ್ಟರನ್ನು ಎಲ್ಲಿಗೆ ಕಳಿಸಬೇಕು ಎಂಬುದೇ ಪ್ರಶ್ನೆಯಾದಾಗ ಹೆರಿಗೆ ಎಲ್ಲಿ ಆಗುತ್ತದೋ ಅಲ್ಲಿಯದನ್ನೇ ಎಣಿಸಬೇಕಿತ್ತು, ನಾನು ಊರಿನ ಮಾನ ನೋಡಿದೆ, ಬಾಣಂತಿಯನ್ನು ನೋಡಲಿಲ್ಲ ಎಂದೆ. ಅವರು ದತ್ತಿಗೆ ಒಂದು ಪತ್ರ ಬರೆಯಲು ಒಪ್ಪಿದರು. ಈ ಸುತ್ತು ಮುಗಿದಿದೆ, ಎರಡು ವರ್ಷದ ನಂತರ ಮುಂದಿನ ಸುತ್ತಿನಲ್ಲಿ ಸಾವು ದಾಖಲಾದ ಸ್ಥಳವನ್ನೇ ಹಿಡಿಯುತ್ತೇವೆ ಎಂದು ಉತ್ತರ ಬಂತು. ಅಷ್ಟೇ ಸಿಕ್ಕಿದ್ದು.

ಆ ಉತ್ತರ ಹಿಡಿದುಕೊಂಡು, ಎರಡು ದಿನ ರಜೆ ಹಾಕಿ, ಸಿಸ್ಟರಿಗೆ ಮುಖ ತೋರಿಸಲು ಹೋದೆ. ಬಯ್ಯಲಿ ಎಂದೇ ಹೋಗಿದ್ದು. ಅವರು ಬಯ್ಯಲಿಲ್ಲ. ಚಹಾ ತರಿಸಿದರು. ಪಟ್ಟಿ ಅವರು ಪತ್ರಿಕೆಯಲ್ಲೇ ನೋಡಿದ್ದರಂತೆ, ನಮ್ಮೂರಿಲ್ಲ ಎಂದು ಇಲ್ಲಿ ಕೆಲವರು ಪೇಢೆ ಹಂಚಿದರಂತೆ.

"ನೀವು ಸರೀನ ಮಾಡೀರಿ ಅಕ್ಕಾರ, ಸರಿ ಲೆಕ್ಕಾನ ಹಾಕೀರಿ" ಎಂದರು. "ಸರಿ ಲೆಕ್ಕಾ ತಗೊಂಡು ನಾ ಏನ್ ಮಾಡ್ಲಿ ಅನ್ನೂದಷ್ಟ ನನಗ ತಿಳೀವಲ್ದು."

ನನಗೆ ಅಳು ಬಂತು. ಅತ್ತುಬಿಟ್ಟೆ. ಅವರು ನನ್ನನ್ನು ತಡೆಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಅಷ್ಟರಲ್ಲಿ ಒಳಗಿನಿಂದ ಯಾರೋ ಕೂಗಿದರು, ಅವರು ಚಹಾ ಬಿಟ್ಟು ಓಡಿದರು.

ಹೆರಿಗೆ ಆಗಿತ್ತು. ಈ ಊರಿನ ಮಗಳೇ, ಚೊಚ್ಚಲು. ಗಂಡನ ಮನೆ ಸೋಲಾಪುರದ ಆಚೆ. ಕೂಸು ಅತ್ತಿರಲಿಲ್ಲ. ಹತ್ತು ನಿಮಿಷದಲ್ಲಿ ಆಂಬುಲೆನ್ಸ್ ಬಾಗಿಲಿಗೆ ಬಂತು. ತಾಯಿಯನ್ನು ಕದಲಿಸುವಂತಿರಲಿಲ್ಲ, ಇನ್ನೊಬ್ಬ ಸಿಸ್ಟರ್ ಅವಳ ಹತ್ತಿರ ಉಳಿಯಬೇಕಿತ್ತು. ಹುಡುಗಿಯ ತಾಯಿ ಕೂಸನ್ನು ಶಾಲಿನಲ್ಲಿ ಸುತ್ತಿ ಎದೆಗೆ ಹಿಡಿದು ಹತ್ತಿದಳು. ಸಿಸ್ಟರ್ ನನ್ನ ಕಡೆ ನೋಡಿ, ಇನ್ನೊಂದು ಕೈ ಬೇಕು, ಆಮ್ಲಜನಕದ ಸಿಲಿಂಡರ್ ಅಲುಗದಂತೆ ಹಿಡಿದುಕೊಂಡು ಕೂರಲು ಆಗುತ್ತದೆಯೇ ಎಂದರು. ಹತ್ತಿದೆ.

ಮಧ್ಯಾಹ್ನದ ಬಿಸಿಲು. ಸಿಸ್ಟರ್ ಕೂಸಿನ ಪುಟ್ಟ ಮುಖದ ಮೇಲೆ ಮುಚ್ಚಳ ಇಟ್ಟು, ರಬ್ಬರಿನ ಗಾಳಿಚೀಲವನ್ನು ಎರಡು ಬೆರಳಿನಿಂದ ಒತ್ತುತ್ತ, ಬಾಯಲ್ಲಿ ಎಣಿಸುತ್ತಿದ್ದರು. ಕೂಸಿನ ಅಜ್ಜಿ ದುವಾ ಓದುತ್ತಿದ್ದಳು. ನಾನು ಸಿಲಿಂಡರ್ ಅಪ್ಪಿಕೊಂಡು ಕೂತು ಆ ಕೂಸಿನ ಎದೆಯನ್ನೇ ನೋಡುತ್ತಿದ್ದೆ. ರಸ್ತೆ ಹಾಳಾಗಿದ್ದಲ್ಲಿ ಗಾಡಿ ಕುಲುಕಿ ಮುಚ್ಚಳ ಸರಿಯುತ್ತಿತ್ತು, ಅವರು ಮತ್ತೆ ಇಟ್ಟು ಒತ್ತುತ್ತಿದ್ದರು. ಎಷ್ಟು ದೂರ ಹೋಗಿದ್ದೆವೋ ತಿಳಿಯದು. ಸಿಸ್ಟರ್ ಎಣಿಸುವುದನ್ನು ನಿಲ್ಲಿಸಿದರು. ಸ್ಟೆತಸ್ಕೋಪು ಕಿವಿಗಿಟ್ಟು ಎದೆ ನೋಡಿದರು, ಮತ್ತೆ ನೋಡಿದರು. ಆಮೇಲೆ ಗಡಿಯಾರ ನೋಡಿದರು. ಅಜ್ಜಿ ದುವಾ ನಿಲ್ಲಿಸಿ ಅವರ ಮುಖ ನೋಡಿದಳು. ಸಿಸ್ಟರ್ ಕೂಸಿನ ಮುಖದಿಂದ ಮುಚ್ಚಳ ತೆಗೆದರು.

ಕನ್ನಡಿಯಲ್ಲಿ ನೋಡುತ್ತಿದ್ದ ಡ್ರೈವರನಿಗೂ ತಿಳಿಯಿತು. ಸೈರನ್ ಬಂದ್ ಮಾಡಿದ. ಮುಂದೆ ಒಂದು ಹಳ್ಳಿಯ ಸ್ಟ್ಯಾಂಡು, ಚಹಾದಂಗಡಿ ಕಾಣುತ್ತಿತ್ತು. ಅಲ್ಲಿ ಗಾಡಿ ನಿಲ್ಲಿಸಿ, ಹೆಂಗಸಿಗೆ ನೀರು ಕುಡಿಸಿ, ಆಮೇಲೆ ಹಿಂದಿರುಗುವುದು ಇಂಥ ಹೊತ್ತಿನಲ್ಲಿ ಅವರ ರೂಢಿ. ನಿಲ್ಲಿಸಲೇನ್ರಿ ಸಿಸ್ಟರ್ ಎಂದು ಕೇಳಿ ವೇಗ ಇಳಿಸಿದ.

ಆಗ ನನಗೆ ನೋಂದಣಿಯ ನಿಯಮ ನೆನಪಾಯಿತು. ಓಡುವ ಗಾಡಿಯಲ್ಲಿ ಜೀವ ಹೋದರೆ, ಗಾಡಿ ಮೊದಲು ಎಲ್ಲಿ ನಿಲ್ಲುತ್ತದೋ ಅಲ್ಲಿ ಆ ಸಾವು ದಾಖಲಾಗಬೇಕು. ಇಲ್ಲಿ ನಿಂತರೆ ಈ ಕೂಸು, ಅದನ್ನು ಹೆರದ, ಅದರ ಹೆಸರೂ ಕೇಳದ ಈ ಹಳ್ಳಿಯ ಪುಸ್ತಕಕ್ಕೆ ಹೋಗುತ್ತದೆ. ಇನ್ನೊಂದು ಮೂಲೆಗೆ ಸರಿಯುತ್ತದೆ.

"ನಿಲ್ಲಿಸಬ್ಯಾಡ್ರಿ ಅಣ್ಣಾ" ಎಂದೆ. "ಎಲ್ಲೂ ನಿಲ್ಲಿಸಬ್ಯಾಡ್ರಿ. ಹಂಗ ಹೊಳ್ಳಿಸ್ರಿ. ನಿಂದ್ರೂದಿದ್ರ ದವಾಖಾನಿ ಮುಂದನ ನಿಂದ್ರಿ."

ಆತ ಯಾಕೆಂದು ಕೇಳಿದ. ಸಿಸ್ಟರ್ ನನ್ನನ್ನು ದಿಟ್ಟಿಸಿ ನೋಡಿದರು. ದಾಖಲೆ ಬರೆಯುವವರು ಅವರೇ, ಅವರಿಗೂ ನಿಯಮ ಗೊತ್ತಿತ್ತು.

"ಅವರು ಹೇಳಿದಂಗ ಮಾಡಪಾ" ಎಂದರು.

ಸ್ಟ್ಯಾಂಡಿನ ಬಯಲಿನಲ್ಲಿ ದೊಡ್ಡ ಸುತ್ತು ಹಾಕಿ ಆತ ಗಾಡಿ ತಿರುಗಿಸಿದ. ಅಜ್ಜಿ ನೀರು ಕೇಳಿದಳು, ನನ್ನ ಬಾಟಲಿ ಕೊಟ್ಟೆ. ಸ್ವಲ್ಪ ದೂರ ಹೋದ ಮೇಲೆ, ಒಂದು ಗಳಿಗೆ ನಿಲ್ಲಿಸಿ, ಕೆಳಗಿಳಿದು ಕೂರುತ್ತೇನೆ, ಎದೆ ಹಿಡಿದಂತಾಗಿದೆ ಎಂದಳು. ನಾನು ಬೇಡ ಎಂದೆ. ಅಂಥ ಕಲ್ಲಿನಂಥ ಮಾತನ್ನು ನಾನು ಜೀವನದಲ್ಲಿ ಯಾರಿಗೂ ಆಡಿಲ್ಲ. ಅವಳ ಬೆನ್ನು ನೀವುತ್ತ ಕೂತೆ. ಕುರಿಹಿಂಡು ಅಡ್ಡ ಬಂದಾಗಲೂ ಡ್ರೈವರ್ ಪೂರ್ತಿ ನಿಲ್ಲಿಸಲಿಲ್ಲ. ಹಾರ್ನ್ ಹೊಡೆಯುತ್ತ, ಕುರಿಗಳ ನಡುವೆ ಆಮೆಯ ಹಾಗೆ ತೆವಳಿಸಿದ. ಕುರುಬನೊಬ್ಬ ಬೈದ. ಅಜ್ಜಿ ಶಾಲಿನ ತುದಿ ಎಳೆದು ಕೂಸಿನ ಮುಖಕ್ಕೆ ಬಿಸಿಲು ತಾಗದಂತೆ ಹಿಡಿದೇ ಇದ್ದಳು.

ಗಾಡಿ ನಿಂತದ್ದು ಆಸ್ಪತ್ರೆಯ ಬಾಗಿಲಿನಲ್ಲೇ. ಸಿಸ್ಟರ್ ಮೊದಲು ಮೇಜಿಗೆ ಹೋಗಿ ಪುಸ್ತಕ ತೆಗೆದರು. ಸ್ಥಳ ಎಂಬಲ್ಲಿ ತಮ್ಮ ಊರಿನ ಹೆಸರನ್ನು ಬರೆದರು. ಈ ಸಲ ಪಕ್ಕದಲ್ಲಿ ಪೆನ್ಸಿಲಿನಿಂದ ಏನೂ ಬರೆಯಲಿಲ್ಲ. ಅಜ್ಜಿ ಆಗಲೇ ಒಳಗೆ ಮಗಳ ಮಂಚದ ಹತ್ತಿರ ಹೋಗಿ ನಿಂತಿದ್ದಳು. ಹುಡುಗಿಗೆ ಆಗಷ್ಟೇ ಮಂಪರು ಬಿಟ್ಟಿತ್ತು. ತಾಯಿಯ ಮುಖವನ್ನು ಅವಳು ಸರಿಯಾಗಿ ನೋಡಿರಲಿಲ್ಲ.

"ಇಷ್ಟ ಲಗೂ ಬಂದ್ರಿ?" ಎಂದಳು. "ಕೂಸಿನ್ನ ಅಲ್ಲೇ ದೊಡ್ಡ ದವಾಖಾನಿಗೆ ಸೇರಿಸಿ ಬಂದ್ರೇನು?"

ಅಜ್ಜಿ ಶಾಲನ್ನು ಎದೆಯಿಂದ ಬಿಡಿಸದೆ ಮಂಚದ ಅಂಚಿಗೆ ಕೂತಳು.

"ಇಲ್ಲ ಬೇಟಾ, ನಮ್ಮೂರಿಗೇ ತಂದೇವಿ" ಎಂದಳು.